ಯಾಕವ್ವನ ಯಂತ್ರವೂ ಅಣ್ಣಪ್ಪನ ಕಡಾಯಿಯೂ

ಮೂಡಲಗಿಯಲ್ಲಿ ಕಸ್ತೂರಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಯಾಕವ್ವನ ಮನೆ ಎಂದು ಕೇಳಿ ನೋಡಿ, ಆಟೋದವರು ಮರುಮಾತಿಲ್ಲದೆ ಅವಳ ಟೈಪಿಂಗ್ ಕ್ಲಾಸಿನ ಬಾಗಿಲಿಗೇ ತಂದು ಇಳಿಸುತ್ತಾರೆ. ‘ಯಾಕ’ ಎಂಬ ಪ್ರಶ್ನೆಯನ್ನು ಅವಳಷ್ಟು ಧಾರಾಳವಾಗಿ ಬಳಸಿದವರು ಆ ಸುತ್ತಿನ ಮೂರು ತಾಲೂಕುಗಳಲ್ಲಿ ಇನ್ನೊಬ್ಬರಿಲ್ಲ. ಕರೆಂಟು ಹೋದರೆ ಉಳಿದವರು ಮೇಣದಬತ್ತಿ ಹುಡುಕುತ್ತಾರೆ, ಇವಳು ಕಂಬ ಹುಡುಕಿಕೊಂಡು ಹೋಗುತ್ತಾಳೆ.

ಹುಟ್ಟಿದ್ದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಅಪ್ಪ ಸತ್ತೆಪ್ಪ ಘಟಪ್ರಭೆಯ ದಂಡೆಗುಂಟ ಹಿಂಡು ಹೊಡೆದುಕೊಂಡು ಹೊರಟರೆ ಮಗಳು ಹಿಂದೆ ಹಿಂದೆ. ಕುರಿಗಳು ಗಂಟೆಯ ಸಪ್ಪಳ ಕೇಳಿ ಹೋಗುತ್ತವೋ, ಗಂಟೆ ಕಟ್ಟಿಕೊಂಡ ಟಗರಿನ ಮೋರೆ ನೋಡಿ ಹೋಗುತ್ತವೋ ಎಂಬ ಮಹಾಸಂಶಯ ಅವಳಿಗೆ ಇನ್ನೂ ಹಾಲುಹಲ್ಲು ಪೂರಾ ಬೀಳುವ ಮೊದಲೇ ಹುಟ್ಟಿತು. ಒಂದು ಮಧ್ಯಾಹ್ನ ಅಪ್ಪ ಮರದಡಿ ಕಣ್ಣು ಮುಚ್ಚಿದ್ದಾಗ ಗಂಟೆಯನ್ನು ಟಗರಿನ ಕೊರಳಿಂದ ಬಿಚ್ಚಿ ತನ್ನ ಕೊರಳಿಗೆ ಕಟ್ಟಿಕೊಂಡಳು, ಗಣಗಣ ಎನ್ನಿಸುತ್ತ ಎಡಕ್ಕೆ ಓಡಿದಳು. ಅರ್ಧ ಹಿಂಡು ಅವಳ ಬೆನ್ನು ಹತ್ತಿತು. ಉಳಿದರ್ಧ ಟಗರಿನ ಬೆನ್ನು ಹತ್ತಿ ಬಲಕ್ಕೆ ಹೋಯಿತು. ಬಲಕ್ಕೆ ಇದ್ದದ್ದು ಪರರ ಕಬ್ಬು. ಸತ್ತೆಪ್ಪ ಕಬ್ಬಿನವರ ಕೈಕಾಲು ಹಿಡಿದು, ಬೆವರು ಒರೆಸಿಕೊಳ್ಳುತ್ತ ಬಂದು “ನಿನಗೇನ ಬಡದಿತ್ತ ಹುಡುಗಿ?” ಎಂದರೆ, ಮಗಳು ಕಣ್ಣರಳಿಸಿ “ಅಪ್ಪಾ, ಎರಡೂ ಖರೆ ಐತಿ!” ಎಂದಳು.

ಅಪ್ಪ ಮರುವಾರವೇ ಅವಳನ್ನು ಹುಕ್ಕೇರಿಯ ಬಂಧುಗಳ ಮನೆಯಲ್ಲಿಟ್ಟು ಸಾಲಿಗೆ ಹಚ್ಚಿದ. ಓದಲಿ ಎಂಬ ಆಸೆಗಿಂತ ಹಿಂಡು ಉಳಿಯಲಿ ಎಂಬ ಆಸೆಯೇ ಅದರಲ್ಲಿ ದೊಡ್ಡದಿತ್ತು ಎಂದು ಊರವರ ಅಂಬೋಣ. ಆ ಮನೆಯ ರೇಡಿಯೋ, ಗೋಡೆ ಗಡಿಯಾರ, ಹೊಲಿಗೆ ಯಂತ್ರ ಒಂದಾದ ಮೇಲೊಂದು ಹೊಟ್ಟೆ ಬಿಚ್ಚಿಕೊಂಡವು. ಗಡಿಯಾರ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಮುಂದೆ ಕಾಲೇಜಿನಲ್ಲಿ ಕಂಪ್ಯೂಟರ್ ಎಂಬುದು ಕೈಗೆ ಸಿಕ್ಕಾಗ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು, ಏಕೆಂದರೆ ಎಷ್ಟು ಬಿಚ್ಚಿದರೂ ಮೊಳೆ ಕಳೆಯದ ವಸ್ತು ಅದೊಂದೇ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಸಸಿಗಳನ್ನು ನೋಡಿಕೊಳ್ಳುವ ಪ್ರಭುವಿನ ಜೊತೆ ಮದುವೆಯಾಗಿ ಮೂಡಲಗಿಗೆ ಬಂದಳು, ಟೈಪಿಂಗ್ ಕ್ಲಾಸು ತೆರೆದಳು. ಹಗಲು ಮಕ್ಕಳಿಗೆ ಕೀಲಿಮಣೆ ಕಲಿಸುವುದು, ಬಿಡುವಾದಾಗ ಕಂಪೈಲರಿನ ಕೈಪಿಡಿ ಓದುವುದು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಆ ಕಂಪೈಲರಿಗೆ ಹೇಳಬಹುದಾದ ಆಪ್ಷನ್ನುಗಳು ನೂರಾರು ಇವೆ. ಹೆಚ್ಚಿನವರು ನಾಲ್ಕೈದರಲ್ಲಿ ಬದುಕು ಮುಗಿಸುತ್ತಾರೆ. ಯಾಕವ್ವ ಮಾತ್ರ ಅವನ್ನು ಹಪ್ಪಳದಂತೆ ಒಂದೊಂದಾಗಿ ಮುರಿದು ತಿನ್ನುವವಳು.

ಇಂಥ ವೀರವನಿತೆಯ ಜೀವನದಲ್ಲಿ ಮಹಾಯುದ್ಧವೆಂಬುದು ಒಂದು ಬರಲೇಬೇಕಲ್ಲ. ಅದು ಗೋಕಾಕದಲ್ಲಿ ಬಂತು, ಕರದಂಟಿನ ರೂಪದಲ್ಲಿ.

ಗೋಕಾಕದ ಅಣ್ಣಪ್ಪ ಸಾವಕಾರರದು ತಲೆಮಾರುಗಳಿಂದ ಕರದಂಟು ಮಾಡುವ ಮನೆ. ಕರದಂಟು ಎಂದರೆ ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಬಿಟ್ಟರೆ ಅದು ಅರಳಿ ಹೂವಾಗುತ್ತದೆ, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತುತ್ತಿ ಸೇರಿ ಹಲ್ಲಿಗೂ ನಾಲಿಗೆಗೂ ಜಗಳ ಹಚ್ಚುತ್ತದೆ. ಆದರೆ ಚೀಲದಲ್ಲಿ ಬರುವ ಅಂಟು ಒಂಟಿಯಾಗಿ ಬರುವುದಿಲ್ಲ, ತವರಿನ ತೊಗಟೆಯನ್ನೂ ಕಟ್ಟಿಕೊಂಡು ಬರುತ್ತದೆ. ಅದನ್ನು ಆರಿಸಿ ತೆಗೆಯುವ ಅಧಿಕಾರ ಆ ಮನೆಯಲ್ಲಿ ಶಿವವ್ವನದು. ಶಿವವ್ವ ಅಣ್ಣಪ್ಪನ ಸೋದರತ್ತೆ. ಮೊರ ತೊಡೆಯ ಮೇಲಿಟ್ಟುಕೊಂಡು ಅಂಟು ಆರಿಸಲು ಕುಳಿತಳೆಂದರೆ ಸಾವಕಾರರೂ ಚಪ್ಪಲಿ ಬಿಟ್ಟು ಒಳಗೆ ಬರಬೇಕು.

ಡಬ್ಬಿಗಳಿಗೆ ಚೀಟಿ ಟೈಪು ಮಾಡಿಸಲು ಅಣ್ಣಪ್ಪ ಕರೆಸಿದಾಗ ಕಸ್ತೂರಿ ಮೊದಲು ಕಂಡದ್ದು ಈ ಶಿವವ್ವನನ್ನು. ಕಣ್ಣ ಪೊರೆ ತೆಗೆಸಿಕೊಂಡು ಬಂದಿದ್ದಳು, ಆದರೂ ಹರಳುಗಳನ್ನು ಮೂಗಿನ ತುದಿಗೆ ಹಿಡಿದು ನೋಡುತ್ತಿದ್ದಳು.

“ಕಾಕೂ, ಅಷ್ಟ ಹತ್ತರ ಯಾಕ ಹಿಡೀತೀರಿ?”

“ದೂರ ಹಿಡದ್ರ ಅಂಟೂ ಬಂಗಾರ, ತೊಗಟಿನೂ ಬಂಗಾರ ಕಾಣತೈತಿ ತಂಗಿ. ಇಬ್ಬರೂ ನನ್ನ ಕೂಡ ಆಟಾ ಆಡಾಕ ಹತ್ಯಾರ.”

ಚೀಟಿಯ ಕೆಲಸ ಅಲ್ಲಿಗೇ ಬಿತ್ತು. ಕೆಲವು ತಿಂಗಳಲ್ಲಿ ಕಸ್ತೂರಿ ಒಂದು ಯಂತ್ರವನ್ನು ಅಣ್ಣಪ್ಪನ ಒಳಅಂಗಳದಲ್ಲಿ ಪ್ರತಿಷ್ಠಾಪಿಸಿದಳು. ಓಡುವ ರಬ್ಬರ್ ಪಟ್ಟಾ ಒಂದು, ಮೇಲೆ ಕಣ್ಣಿಟ್ಟ ಕ್ಯಾಮೆರಾ, ಪಂಕ್ಚರ್ ಅಂಗಡಿಯಿಂದ ಬಂದ ಗಾಳಿಯಂತ್ರ, ಟೈಪಿಂಗ್ ಕ್ಲಾಸಿನಿಂದ ನಿವೃತ್ತಿ ಹೊಂದಿದ ಹಳೆಯ ಕಂಪ್ಯೂಟರ್. ಪಟ್ಟಾದ ಮೇಲೆ ಅಂಟು ಸಾಗುವಾಗ ಕ್ಯಾಮೆರಾ ನೋಡುತ್ತದೆ, ಅವಳೇ ಬರೆದ ಪ್ರೋಗ್ರಾಂ ಅಂಟೋ ತೊಗಟೆಯೋ ಎಂದು ತೀರ್ಪು ಕೊಡುತ್ತದೆ, ತೊಗಟೆಯಾದರೆ ‘ಫುಸ್’ ಎಂದು ಗಾಳಿ ಊದಿ ಪಕ್ಕದ ಡಬ್ಬಿಗೆ ಹಾರಿಸುತ್ತದೆ.

ಆಹಾ, ಎಂಥ ಯಂತ್ರ! ಒಂದೇ ಕೊರತೆ. ತೀರ್ಪು ತಡ. ಪಟ್ಟಾ ತುಸು ಜೋರಾಗಿ ಓಡಿತೋ, ಪ್ರೋಗ್ರಾಂ ಯೋಚಿಸಿ ಮುಗಿಸುವಷ್ಟರಲ್ಲಿ ತೊಗಟೆ ಮುಂದೆ ದಾಟಿರುತ್ತಿತ್ತು, ಅದರ ಹಿಂದೆ ಬರುತ್ತಿದ್ದ ನಿರಪರಾಧಿ ಅಂಟಿಗೆ ಗಾಳಿಯ ಏಟು ಬೀಳುತ್ತಿತ್ತು. ಆದ್ದರಿಂದ ಪಟ್ಟಾವನ್ನು ಬಸುರಿ ನಡೆದಂತೆ ನಡೆಸಬೇಕಾಗುತ್ತಿತ್ತು.

ಅಣ್ಣಪ್ಪ ಕೆಲವು ದಿನ ಸಹಿಸಿದ. ಆಮೇಲೆ ಒಂದು ಮುಂಜಾನೆ ಕಸ್ತೂರಿ ಬಂದು ನೋಡಿದರೆ, ಯಂತ್ರದ ಎದುರಿನ ಗೋಡೆಗೆ ಹೊಸ ಕಡಾಯಿಯೊಂದು ಒರಗಿತ್ತು. ಎಮ್ಮೆ ಮಲಗುವಷ್ಟು ಅಗಲ. ಎರಡು ಕಿವಿ ನಿಮಿರಿಸಿ, ಬಾಯಿ ತೆರೆದು, ಯಂತ್ರ ಕುಳಿತ ಜಾಗವನ್ನೇ ದಿಟ್ಟಿಸುತ್ತಿತ್ತು.

“ಟೀಚರ್ರ, ಸಿಟ್ಟಾಗಬ್ಯಾಡ್ರಿ,” ಎಂದ ಅಣ್ಣಪ್ಪ. “ಶ್ರಾವಣ ಹತ್ತೋತನಕ ನೋಡ್ತೇನಿ. ಪಂಚಮಿ ಗಿರಾಕಿ ಬಂದ್ರ ನನಗ ಇನ್ನೊಂದ ಒಲಿ ಬೇಕ. ನಿಮ್ಮ ಮಷೀನ ಜೋರ ಓಡಿದ್ರ ಇರಲಿ. ಇಲ್ಲಂದ್ರ ಅಲ್ಲಿ ಈಕಿ ಕೂಡ್ತಾಳ.” ಕಡಾಯಿಯ ಹೊಟ್ಟೆಗೆ ಪ್ರೀತಿಯಿಂದ ಬಡಿದ. ಅದು ‘ಢಂ’ ಎಂದಿತು.

“ಮತ್ತ ಅಂಟು ಯಾರ ಆರಸ್ತಾರ?”

“ಆರಿಸಿದ್ದ ಅಂಟ ತರಸ್ತೇನಿ. ಅತ್ತಿಗೂ ಆರಾಮ ಸಿಗತೈತಿ.”

ಒಳಗಿನಿಂದ ಶಿವವ್ವನ ದನಿ ಬಂತು. “ನನಗ ಆರಾಮ ಬೇಕಂತ ನಿನ್ನ ಕಿವ್ಯಾಗ ಯಾರ ಊದಿದ್ರೋ, ಅಣ್ಣ್ಯಾ?”

ಅಂದು ಬಸ್ಸಿನಲ್ಲಿ ಮೂಡಲಗಿಗೆ ಮರಳುವಾಗ ಕಸ್ತೂರಿಯ ಕಿವಿಯಲ್ಲಿ ಆ ‘ಢಂ’ ಗುಂಯ್‌ಗುಡುತ್ತಲೇ ಇತ್ತು. ಹೊಸ ಕಂಪ್ಯೂಟರ್ ತಂದರೆ ಕೆಲಸ ಸಲೀಸು. ಆದರೆ ಹಳೆಯದೇ ಯಾಕೆ ಓಡಬಾರದು? ಈ ‘ಯಾಕೆ’ ಬಿಟ್ಟುಕೊಡುವುದು ಅವಳ ರಕ್ತದಲ್ಲಿರಲಿಲ್ಲ. ಮನೆಗೆ ಬಂದವಳೇ ಕೈಪಿಡಿ ತೆರೆದು, ಮುರಿಯದೆ ಉಳಿದಿದ್ದ ಒಂದು ಹಪ್ಪಳ ಹುಡುಕಿದಳು. ಸಿಕ್ಕಿತು. ಪ್ರೊಫೈಲ್ ಜನರೇಟ್, ಪ್ರೊಫೈಲ್ ಯೂಸ್ ಎಂಬ ಜೋಡಿ ಆಪ್ಷನ್ನು.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಗಂಡನಿಗೆ ವಿವರಿಸಿದಳು.

“ಏನ್ರಿ, ಹೊಸಾ ಸೊಸಿ ಮನಿಗೆ ಬಂದ ದಿನ ಯಾವ ಡಬ್ಬಿ ಎಲ್ಲಿ ಇಡತಾಳ?”

“ತಿಳಿದಲ್ಲಿ ಇಡತಾಳ,” ಎಂದ ಪ್ರಭು, ರೊಟ್ಟಿಯ ಮೇಲೆ ಕಣ್ಣಿಟ್ಟು.

“ಹೌದಲ್ಲಾ! ಕಂಪೈಲರೂ ಹಂಗ. ಪ್ರೋಗ್ರಾಮಿನ್ಯಾಗ ಯಾವ ದಾರಿ ಹೆಚ್ಚು ನಡೀತೈತಿ, ಯಾವದು ವರ್ಷಕ್ಕೊಮ್ಮಿ ನಡೀತೈತಿ ಅದಕ್ಕ ಗೊತ್ತಿಲ್ಲ. ಅಂದಾಜಿನ್ಯಾಗ ಜೋಡಸತೈತಿ. ಸಾಸವಿ ಡಬ್ಬಿ ಅಟ್ಟದ ಮ್ಯಾಲ, ಹಬ್ಬದ ಹಂಡೆ ಒಲಿ ಬಾಜೂಕ. ಅದಕ್ಕ ಏನ ಮಾಡೂದಂದ್ರ, ಮೊದಲ ಎಣಿಸೋ ಪ್ರೋಗ್ರಾಂ ಮಾಡೂದು. ಅದು ನಡಕೋತನ ಎಲ್ಲೆಲ್ಲಿ ಎಷ್ಟ ಸಲ ಹೆಜ್ಜಿ ಇಟ್ಟೆ ಅಂತ ಎಣಿಸಿ ಇಡತೈತಿ. ಆ ಎಣಿಕಿ ನೋಡಿ ಕಂಪೈಲರ್ ಎರಡನೇ ಸಲ ಮನಿ ಜೋಡಸತೈತಿ. ಸಾಸವಿ ಕೈಗೆ, ಹಂಡೆ ಅಟ್ಟಕ್ಕ!”

“ಮದಲನೇ ಸಲನ ಕೇಳಿದ್ರ ಆಗತಿರಲಿಲ್ಲೇನ?”

“ಯಾರನ್ನ ಕೇಳೂದು?”

“ಅತ್ತಿನ್ನ,” ಎಂದ ಪ್ರಭು. ರೊಟ್ಟಿ ಸುಟ್ಟಿತ್ತು.

ಮೊದಲ ಕಾಳಗ ಲಿಂಕರಿನ ಜೊತೆ. ಪ್ರೋಗ್ರಾಂ ಹಲವು ಕಡತಗಳಲ್ಲಿರುತ್ತದೆ. ಕಂಪೈಲರ್ ಒಂದೊಂದನ್ನೂ ಬೇರೆ ಬೇರೆ ಅರಿವೆ ತುಂಡಿನಂತೆ ಕತ್ತರಿಸಿ ಕೊಡುತ್ತದೆ, ಲಿಂಕರ್ ಅವನ್ನೆಲ್ಲ ಕೂಡಿಸಿ ಕೌದಿ ಹೊಲಿಯುತ್ತದೆ. ಕಸ್ತೂರಿ ಉತ್ಸಾಹದ ಭರದಲ್ಲಿ ‘ಎಣಿಸು’ ಎಂಬ ಆಪ್ಷನ್ನನ್ನು ಕಂಪೈಲರಿನ ಕಿವಿಯಲ್ಲಿ ಮಾತ್ರ ಹೇಳಿದ್ದಳು. ತುಂಡುಗಳು ಲಿಂಕರಿನ ಮುಂದೆ ಬಂದವು, ಎಲ್ಲವೂ ಒಂದೇ ಬಾಯಿಂದ “ನಮ್ಮ ಎಣಿಸುವವ ಎಲ್ಲಿ?” ಎನ್ನುತ್ತಿದ್ದವು. ಲಿಂಕರ್ ಕೆಂಡವಾಯಿತು. ತೆರೆಯ ತುಂಬ ತಪ್ಪುಗಳ ಸಾಲು ಸುರಿದು, ಈ ಹೆಸರು ಯಾರದು, ಆ ಹೆಸರು ಯಾರದು, ನನಗೆ ಯಾರೂ ಹೇಳಿಲ್ಲ ಎಂದು ಕೂಗಾಡಿತು. ಹೆಣ್ಣಿನ ಕಡೆಯವರಿಗೆ ಹೇಳಿ ಗಂಡಿನ ಕಡೆಯವರನ್ನು ಮರೆತ ಮದುವೆಯ ಹಾಗೆ. ಕಸ್ತೂರಿ ಹಣೆ ಬಡಿದುಕೊಂಡು ಅದೇ ಆಪ್ಷನ್ನನ್ನು ಲಿಂಕರಿಗೂ ಹೇಳಿ, ಅಕ್ಷತೆ ಕೊಟ್ಟು ಕರೆದಳು. ಸಿಟ್ಟು ಇಳಿಯಿತು, ಕೌದಿ ಆಯಿತು.

ಎರಡನೆಯ ಕಾಳಗದಲ್ಲಿ ಅವಳು ಸೋತಳು. ಎಣಿಸುವ ಪ್ರೋಗ್ರಾಮಿಗೆ ನಡೆದು ತೋರಿಸಲು ಅಂಟು ಬೇಕಲ್ಲ. ಅಣ್ಣಪ್ಪ ಹಿಂದೊಮ್ಮೆ ಫೋಟೋ ತೆಗೆಯಲೆಂದು ಆರಿಸಿ ತೊಳೆದಂತಿದ್ದ ಅಂಟಿನ ಪೊಟ್ಟಣ ಕೊಟ್ಟಿದ್ದ. ಕಸ್ತೂರಿ ಮನೆಯಲ್ಲೇ ಕ್ಯಾಮೆರಾ ಕಟ್ಟಿ, ಹಾಳೆಯ ಮೇಲೆ ಆ ಹರಳುಗಳನ್ನೇ ಮತ್ತೆ ಮತ್ತೆ ಎಳೆದು ತೋರಿಸಿದಳು. ಎಣಿಕೆಯ ಕಡತ ಬಂತು. ಪ್ರೊಫೈಲ್ ಯೂಸ್ ಎಂದು ಕಂಪೈಲರಿಗೂ ಲಿಂಕರಿಗೂ ಹೇಳಿ ಹೊಸ ಪ್ರೋಗ್ರಾಂ ಕಟ್ಟಿದಳು, ಗೋಕಾಕಕ್ಕೆ ಹಾರಿದಳು.

ಅಂಟು ಬಂದಾಗ ಯಂತ್ರ ಮಿಂಚಿನ ಹಾಗೆ ‘ಅಂಟು’ ಎಂದಿತು. ತೊಗಟೆ ಬಂದಾಗ ಮೊದಲಿಗಿಂತಲೂ ತಡಮಾಡಿತು. ಪಾಪ, ಅದರ ತಪ್ಪಲ್ಲ. ಎಣಿಕೆಯ ದಿನಗಳಲ್ಲಿ ಅದು ತೊಗಟೆಯ ಮುಖವನ್ನೇ ಕಂಡಿರಲಿಲ್ಲ. ತೊಗಟೆಯೆಂಬುದು ಈ ಲೋಕದಲ್ಲಿಲ್ಲ ಎಂದು ಕಂಪೈಲರ್ ತೀರ್ಮಾನಿಸಿ, ಆ ದಾರಿಯನ್ನು ಸುತ್ತಿ ಅಟ್ಟದ ಮೂಲೆಗೆ ಎಸೆದಿತ್ತು.

“ಟೀಚರ್ರ,” ಅಣ್ಣಪ್ಪ ಮೀಸೆಯಡಿ ನಕ್ಕ, “ಒಳ್ಳೇರಿಗೆ ಒಳ್ಳೇರು ಅನ್ನಾಕ ಮಷೀನ ಯಾಕ ಬೇಕ್ರಿ? ಕಳ್ಳರ್ನ ಹಿಡೀರಿ ಅಂದ್ರ ಸಾಹುಕಾರ್ರಿಗೆ ಸಲಾಮ ಹೊಡ್ಯಾಕತ್ತೈತಿ.”

“ಕಳ್ಳರ್ನ ತೋರಿಸೇ ಇಲ್ರಿ ನಾನು,” ಎಂದಳು ಕಸ್ತೂರಿ. ಸೋಲಿನಲ್ಲೂ ಕಣ್ಣು ಹೊಳೆಯುತ್ತಿತ್ತು, ಏಕೆಂದರೆ ಯಾಕೆ ಸೋತೆ ಎಂಬುದು ತಿಳಿದಿತ್ತು. “ಇಲ್ಲೇ, ಖರೆ ಚೀಲದ ಅಂಟಿನ ಮ್ಯಾಲ ಎಣಿಸೋ ಪ್ರೋಗ್ರಾಂ ಓಡಿಸೂಣ. ಸ್ವಲ್ಪ ದಿನ ಇನ್ನಾ ಮೆತ್ತಗ ನಡೀತೈತ್ರಿ, ಹೆಜ್ಜಿಗೊಮ್ಮೆ ಎಣಿಸಬೇಕಲ್ಲ.”

“ಇದಕ್ಕಿಂತ ಮೆತ್ತಗ? ಅದು ನಿಂತಂಗ ಆಗೂದಿಲ್ಲೇನ್ರಿ?”

ಶಿವವ್ವ ನಡುವೆ ಬಾಯಿ ಹಾಕಿದಳು. “ಓಡಿಸವಾ ನೀ. ನಾ ನೋಡ್ಕೊಂತೇನಿ.”

ಒಂದು ವಾರ ಯಂತ್ರ ತೆವಳಿತು, ಶಿವವ್ವ ಪಕ್ಕದಲ್ಲಿ ಕಾವಲು ಕುಳಿತಳು. ಆಷಾಢ ತೀರುತ್ತಿತ್ತು. ಕಡಾಯಿ ಹಲ್ಲು ಕಿರಿಯುತ್ತಿತ್ತು. ವಾರ ತುಂಬಿದ ದಿನ ಕಸ್ತೂರಿ ಬಂದು, ಎಣಿಕೆಯ ಕಡತ ಇರಬೇಕಾದ ಜಾಗ ತೆರೆದು ನೋಡಿದಳು. ಖಾಲಿ.

ಒಂದು ಅಕ್ಷರವಿಲ್ಲ. ಮನೆಯಲ್ಲಿ ಇದೇ ಪ್ರೋಗ್ರಾಂ ಕೇಳುವ ಮೊದಲೇ ಬರೆದುಕೊಟ್ಟಿತ್ತು. ಡಿಸ್ಕು ತುಂಬಿದೆಯೇ? ಇಲ್ಲ. ಬರೆಯಲು ಅನುಮತಿಯಿಲ್ಲವೇ? ಇದೆ. ಇಲಿ ತಿಂದಿತೇ ಎಂದ ಅಣ್ಣಪ್ಪ. ಬೇರೆಯವರಾದರೆ ಅಳುತ್ತಿದ್ದರು. ಯಾಕವ್ವ ಕುರ್ಚಿಯೊಂದನ್ನು ಎಳೆದುಕೊಂಡು ಯಂತ್ರದ ಎದುರು ಕುಳಿತಳು. ಸಂಜೆಯ ಬಸ್ಸು ಹೋದರೆ ಹೋಗಲಿ, ಏನಾಗುತ್ತದೆಂದು ಕೊನೆಯತನಕ ನೋಡಿಯೇ ಏಳುವುದು.

ಹಗಲೆಲ್ಲ ಏನೂ ಆಗಲಿಲ್ಲ. ಅಂಟು ಬಂತು, ತೊಗಟೆ ಹಾರಿತು. ಹೊತ್ತು ಇಳಿಯಿತು. ಶಿವವ್ವ ಮೊಣಕಾಲು ಹಿಡಿದು ಎದ್ದಳು, ಸೀರೆಯ ಸೆರಗಿನಿಂದ ಕ್ಯಾಮೆರಾದ ದೂಳು ಒರೆಸಿದಳು, ತೆರೆಗೆ ಕೈಮುಗಿದಳು. ತೆರೆಯ ಮೇಲೆ ಕೆಂಪು ಬಣ್ಣದ ಗುಂಡಿಯೊಂದು ಒತ್ತು ಒತ್ತು ಎಂದು ಕಾಯುತ್ತಿತ್ತು. ಶಿವವ್ವ ಅದರತ್ತ ನೋಡಲೂ ಇಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನೇ ‘ಟಕ್’ ಎಂದು ಕೆಳಗೆಳೆದಳು. ಪಟ್ಟಾ, ಗಾಳಿಯಂತ್ರ, ಕಂಪ್ಯೂಟರ್ ಒಟ್ಟಿಗೆ ಪ್ರಾಣ ಬಿಟ್ಟವು.

“ಕಾಕೂ!” ಕಸ್ತೂರಿ ಕುರ್ಚಿಯಿಂದ ಹಾರಿದಳು. “ಕೆಂಪ ಗುಂಡಿ ಯಾಕ ಒತ್ತಲಿಲ್ಲ?”

“ಹೆಂಗ ಒತ್ತಲಿ? ಅದರ ಮ್ಯಾಲ ಏನ ಬರದೀದಿ, ಓದು.”

“ಮುಚ್ಚು.”

“ಥೂ ಥೂ, ಬಿಡ್ತು ಅನ್ನು! ದೀಪಾ ಹಚ್ಚೋ ಹೊತ್ತಿನ್ಯಾಗ, ಅನ್ನಾ ಹಾಕೋ ಕಸಬಿನ ಮುಂದ ನಿಂತ ಮುಚ್ಚು ಅಂತಾರೇನ ಯಾರರೆ? ನಮ್ಮ ಅಪ್ಪ ಹೋಗಿ ಎಷ್ಟ ವರ್ಷ ಆತು, ಈ ಮನ್ಯಾಗ ಆ ಮಾತ ಯಾರೂ ಆಡಿಲ್ಲ. ಅಕ್ಕಿ ತೀರಿದ್ರ ಹೆಚ್ಚಾತು ಅಂತೀವಿ. ಬಳಿ ಒಡದ್ರೂ ಹೆಚ್ಚಾತು ಅಂತೀವಿ. ಇಂಥಾ ಮನ್ಯಾಗ ನಾ ದಿನಾ ಸಂಜಿಕ ಅದನ್ನ ಬೆರಳಲೆ ಒತ್ತಬೇಕ?”

“ಮೇನ್ ತಗದ್ರ ನಡೀತೈತೇನು?”

“ಅದರ ಮ್ಯಾಲ ಏನೂ ಬರದಿಲ್ಲಲ್ಲ.”

ಕಸ್ತೂರಿ ಕತ್ತಲಾದ ತೆರೆಯ ಎದುರು ನಗುತ್ತ ನಿಂತಳು, ನಗು ತಡೆಯಲಾಗದೆ ಕುಳಿತಳು. ಎಣಿಸುವ ಪ್ರೋಗ್ರಾಂ ತನ್ನ ಎಣಿಕೆಯನ್ನೆಲ್ಲ ಹಗಲಿಡೀ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತದೆ. ಮರ್ಯಾದೆಯಿಂದ ಕೆಲಸ ಮುಗಿಸಿ ಹೊರಡು ಎಂದಾಗ ಮಾತ್ರ, ಹೊಸ್ತಿಲಲ್ಲಿ ನಿಂತು, ಡಿಸ್ಕಿಗೆ ಬರೆದಿಟ್ಟು ಹೋಗುತ್ತದೆ. ಕುತ್ತಿಗೆ ಹಿಸುಕಿದರೆ ಎಲ್ಲವನ್ನೂ ತನ್ನ ಜೊತೆಗೇ ಒಯ್ಯುತ್ತದೆ. ಒಂದು ವಾರದಿಂದ ಶಿವವ್ವ ದಿನಾ ಸಂಜೆ ಭಕ್ತಿಪೂರ್ವಕ ಕೈಮುಗಿದು ಅದರ ಕುತ್ತಿಗೆ ಹಿಸುಕುತ್ತಿದ್ದಳು.

ಬೇಕೆಂದರೆ ತಾಸಿಗೊಮ್ಮೆ ತಾನಾಗಿಯೇ ಬರೆದಿಡುವಂತೆ ಪ್ರೋಗ್ರಾಮಿಗೆ ಹೇಳಬಹುದಿತ್ತು. ಅದು ಕಸ್ತೂರಿಗೆ ಹೊಳೆಯದೆ ಇರಲಿಲ್ಲ. ಆದರೆ ದಡ್ಡಿಯಲ್ಲಿ ಅವಳ ಅವ್ವನೂ ಒಮ್ಮೆಯೂ ದೀಪ ಆರಿಸು ಎಂದವಳಲ್ಲ. ಅಂಥವಳ ಮಗಳು ಯಾವುದೋ ಇಂಗ್ಲಿಷ್ ಗುಂಡಿ ನೋಡಿ, ಹಿಂದೆ ಮುಂದೆ ಯೋಚಿಸದೆ ಕನ್ನಡದಲ್ಲಿ ‘ಮುಚ್ಚು’ ಎಂದು ಬರೆದಳಲ್ಲ! ತಪ್ಪು ಯಂತ್ರದಲ್ಲಿರಲಿಲ್ಲ, ಮಾತಿನಲ್ಲಿತ್ತು. ಮಾತನ್ನೇ ತಿದ್ದಬೇಕು.

ಮೇನ್ ಮೇಲೆತ್ತಿಸಿ, ಅಲ್ಲೇ ಕುಳಿತು ಗುಂಡಿಯ ಮೇಲೆ ‘ದೊಡ್ಡದು ಮಾಡು’ ಎಂದು ಬರೆದಳು. ದೀಪ ಆರಿಸುವುದಕ್ಕೆ ಹಿರಿಯರು ಹೇಳುವ ಮಾತು. ಶಿವವ್ವ ಓದಿ “ಈಗ ನಮ್ಮ ಮನಿ ಹುಡುಗಿ ಆದಿ ನೋಡು” ಎಂದು ಗಲ್ಲ ಸವರಿದಳು. ವಿಜಯಪತಾಕೆ ಹಾರಿಸುತ್ತ ಕಸ್ತೂರಿ ಕೊನೆಯ ಬಸ್ಸು ಹತ್ತಿದಳು.

ಮರುದಿನ ಮಧ್ಯಾಹ್ನ ಟೈಪಿಂಗ್ ಕ್ಲಾಸಿನಲ್ಲಿ ಫೋನು ಬಡಿದುಕೊಂಡಿತು.

“ಟೀಚರ್ರ, ನನ್ನ ಮಾನಾ ಕಳದ್ರಿ!” ಅಣ್ಣಪ್ಪನ ದನಿ ಗೋಕಾಕದಿಂದ ಫೋನಿಲ್ಲದೆಯೂ ಕೇಳಿಸುವಂತಿತ್ತು. “ಹುಕ್ಕೇರಿಯಿಂದ ವ್ಯಾಪಾರಸ್ತರು ಬಂದಾರ. ನಮ್ಮ ಮಷೀನ ನೋಡ್ರಿ, ತೊಗಟಿ ಹೆಂಗ ಹಿಡೀತೈತಿ ನೋಡ್ರಿ ಅಂತ ತೋರಸಾಕತ್ತಿದ್ದೆ. ಚಿತ್ರಾ ಸಣ್ಣದು ಕಾಣಾಕತ್ತಿತ್ತು. ದೊಡ್ಡದು ಮಾಡು ಅಂತ ಬರದಿತ್ತು, ಒತ್ತಿದೆ. ಇಡೀ ಮಷೀನ ನಿಂತ ಬಿಡತ್ರಿ! ನಗಾಕತ್ತಾರ ಎಲ್ಲಾರೂ!”

“ಸಾವಕಾರ್ರ, ಒಂದ ನಿಮಿಷ,” ಎಂದಳು ಕಸ್ತೂರಿ. “ಕಂಪ್ಯೂಟರಿನ್ಯಾಗ ‘ಎಣಿಕೆ’ ಅನ್ನೋ ಫೋಲ್ಡರ್ ತಗೀರಿ. ಒಳಗ ಏನರೆ ಬಂದೈತೇನು?”

“ನನ್ನ ಮಾನಾ ಹೋಗೇತಿ ಅಂತ ಹೇಳಾಕತ್ತೇನಿ, ನೀವು...”

“ತಗೀರಿ ಅಂತೇನಿ!”

ಆ ಕಡೆಯಿಂದ ಮೌಸಿನ ಟಿಕ್ ಟಿಕ್ ಕೇಳಿಸಿತು.

“ಅದಾವ್ರಿ. ಏನೇನೋ ಕಡತ ಅದಾವ. ಎಲ್ಲಾ ಇವತ್ತಿನ ತಾರೀಖಿನವ.”

ಕಸ್ತೂರಿ ಕ್ಲಾಸಿನ ನಡುವೆ ನಿಂತು ಕುಣಿದಳು. ಕೀಲಿಮಣೆ ಬಡಿಯುತ್ತಿದ್ದ ಹುಡುಗಿಯರು ಬೆರಳು ನಿಲ್ಲಿಸಿ ನೋಡಿದರು.

ಆದರೆ ಗುಂಡಿಯ ಹೆಸರು ಮತ್ತೊಮ್ಮೆ ಬದಲಾಗಬೇಕೆಂದು ಅಣ್ಣಪ್ಪ ಪಟ್ಟು ಹಿಡಿದ. ಮರುದಿನ ಒಳಅಂಗಳದಲ್ಲಿ ನಾಮಕರಣದ ಸಭೆ ಸೇರಿತು. ‘ನಿಲ್ಲು’ ಎನ್ನೋಣವೆಂದ ಅಣ್ಣಪ್ಪ. ನಿಂತ ಕಸಬು ಮತ್ತೆ ನಡೆಯುವುದು ಯಾವಾಗ ಎಂದು ಶಿವವ್ವ ಅದನ್ನು ಹೊಡೆದುಹಾಕಿದಳು. ‘ಸಾಕು’ ಎಂದಳು ಕಸ್ತೂರಿ. ಸಾಕು ಎಂದರೆ ಲಕ್ಷ್ಮಿಯೂ ಸಾಕು ಎನ್ನುತ್ತಾಳೆ ಎಂದು ಶಿವವ್ವ ಅದನ್ನೂ ತಳ್ಳಿದಳು. ಕೊನೆಗೆ ಶಿವವ್ವನೇ ಹೇಳಿದಳು.

“‘ಹೋಗಿ ಬಾ’ ಅಂತ ಬರಿ.”

“ಅತ್ತಿ, ಮಷೀನಿಗೆ ಯಾರರೆ ಹೋಗಿ ಬಾ ಅಂತಾರೇನ?”

“ಮುಂಜಾನೆ ಬರೂದು ಬ್ಯಾಡೇನ ಮತ್ತ ಅದು?”

ಕಸ್ತೂರಿ ಹಾಗೇ ಬರೆದಳು. ಅಂದಿನಿಂದ ದಿನಾ ಸಂಜೆ ಶಿವವ್ವ ತೆರೆಗೆ ಕೈಮುಗಿದು “ಹೋಗಿ ಬಾರಪ್ಪಾ” ಎಂದು ಗುಂಡಿ ಒತ್ತತೊಡಗಿದಳು. ಪ್ರೋಗ್ರಾಮೂ ಒಳ್ಳೆಯ ಅತಿಥಿಯಂತೆ ಎಣಿಕೆ ಬರೆದಿಟ್ಟು ಹೊರಡತೊಡಗಿತು. ಒಂದು ದಿನದ ಎಣಿಕೆಯ ಮೇಲೆ ಮರುದಿನದ್ದು ಕೂಡಿಕೊಳ್ಳುತ್ತ ಹೋಯಿತು. ಅದನ್ನು ನೋಡುವುದೇ ಕಸ್ತೂರಿಗೆ ಹಬ್ಬ. ತಾನು ಬುದ್ಧಿ ಖರ್ಚು ಮಾಡಿ ಬರೆದ ಎಷ್ಟೋ ಸಾಲುಗಳ ಮೇಲೆ ಒಂದೇ ಒಂದು ಹೆಜ್ಜೆಯಿಲ್ಲ. ಅವಸರದಲ್ಲಿ ಗೀಚಿ ಮರೆತುಬಿಟ್ಟಿದ್ದ, ತೊಗಟೆಯ ಅಂಚು ಅಳೆಯುವ ಪುಟ್ಟ ತುಂಡೊಂದರ ಮೇಲೆ ಜಾತ್ರೆಯೇ ನೆರೆದಿದೆ. ತನ್ನದೇ ಮನೆಯಲ್ಲಿ ತಾನು ಕಾಣದ ಕೋಣೆ ಕಂಡಂತಾಯಿತು ಅವಳಿಗೆ.

ಅಮಾವಾಸ್ಯೆಯ ಮುಂಜಾನೆ, ಶ್ರಾವಣಕ್ಕೆ ಒಂದೇ ರಾತ್ರಿ ಉಳಿದಿರುವಾಗ, ಕಸ್ತೂರಿ ಹೊಸದಾಗಿ ಕಟ್ಟಿದ ಪ್ರೋಗ್ರಾಮನ್ನು ಹಿಡಿದು ಗೋಕಾಕಕ್ಕೆ ಬಂದಳು. ಈ ಸಲ ಕಂಪೈಲರಿಗೂ ಹೇಳಿದ್ದಳು, ಲಿಂಕರಿಗೂ ಹೇಳಿದ್ದಳು, ಒಲೆಯ ಮೇಲಿದ್ದ ಹಾಲಿಗೆ ಮಾತ್ರ ಹೇಳಲು ಮರೆತಿದ್ದಳು. ಒಳಅಂಗಳದಲ್ಲಿ ಗಾರೆಯವನು ಒಲೆ ಕಟ್ಟಲು ಇಟ್ಟಿಗೆ ಇಳಿಸುತ್ತಿದ್ದ. ಕಡಾಯಿಗೆ ಆಗಲೇ ಅರಿಸಿನ ಕುಂಕುಮ ಹಚ್ಚಿದ್ದರು.

“ಯಾವುದಕ್ಕೂ ಇರಲಿ ಅಂತ ಕರಸೇನ್ರಿ,” ಎಂದ ಅಣ್ಣಪ್ಪ, ಇಟ್ಟಿಗೆಯ ಕಡೆ ನೋಡದೆ.

ಕಸ್ತೂರಿ ಹೊಸ ಪ್ರೋಗ್ರಾಮನ್ನು ಹಳೆಯ ಕಂಪ್ಯೂಟರಿಗೆ ಏರಿಸಿದಳು. ಶಿವವ್ವ ಚೀಲದ ಬಾಯಿ ಬಿಚ್ಚಿ ಅಂಟು ಸುರಿದಳು. ಪಟ್ಟಾ ಹೊರಟಿತು, ಎಂದಿನ ಮೆತ್ತನೆಯ ನಡಿಗೆಯಲ್ಲಿ. ಫುಸ್. ತೊಗಟೆ ಡಬ್ಬಿಗೆ. ಅಣ್ಣಪ್ಪ ವೇಗ ಏರಿಸುವ ತಿರುಪಿಗೆ ಕೈಹಾಕಿ ತುಸು ತಿರುಗಿಸಿದ. ಫುಸ್, ಫುಸ್. ಇನ್ನೂ ತಿರುಗಿಸಿದ. ಮೊದಲು ನಿರಪರಾಧಿಗಳಿಗೆ ಏಟು ಬೀಳುತ್ತಿದ್ದ ವೇಗ ಇದು. ಕಸ್ತೂರಿ ತೊಗಟೆಯ ಡಬ್ಬಿಗೇ ಕೈಹಾಕಿ ಹಿಡಿ ತೆಗೆದು ನೋಡಿದಳು. ಬರೀ ತೊಗಟೆ. ಅಂಟಿನ ಒಂದು ಹರಳೂ ಇಲ್ಲ.

ಅಣ್ಣಪ್ಪನಿಗೂ ಈಗ ಚಪಲ ಹತ್ತಿತು. “ಇನ್ನಾ?” ಎಂದ.

“ತಿರುವ್ರಿ.”

ತಿರುವಿದ. ಗಾಳಿಯ ಸದ್ದು ಎಣ್ಣೆಗೆ ಬಿದ್ದ ಸಾಸಿವೆಯಂತಾಯಿತು. ಗಾರೆಯವನು ಇಟ್ಟಿಗೆ ಕೈಯಲ್ಲೇ ಹಿಡಿದು ಬಾಯಿ ತೆರೆದು ನಿಂತ. ಅಂಟು ಆ ತುದಿಯಲ್ಲಿ ಧೋ ಎಂದು ಸುರಿಯಿತು, ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತು.

“ಸಾಕೋ ಅಣ್ಣ್ಯಾ! ಸಾಕು!” ಎಂದು ಶಿವವ್ವ ಚೀರಿದಳು. ಮರುಕ್ಷಣ ತಾನು ಆಡಬಾರದ ಮಾತು ಆಡಿದ್ದು ಹೊಳೆದು ಬಾಯಿಗೆ ಸೆರಗು ಒತ್ತಿಕೊಂಡಳು. “ಹೆಚ್ಚಾತು. ಹೆಚ್ಚಾತು ಅಂದೆ.”

ಅಣ್ಣಪ್ಪ ವೇಗ ಇಳಿಸಿದ. ಒಂದು ಹರಳು ಎತ್ತಿ ಬೆಳಕಿಗೆ ಹಿಡಿದ, ಇನ್ನೊಂದು ಎತ್ತಿದ. ಹೌದು ಎನ್ನುವುದು ಅವನ ಜಾಯಮಾನದಲ್ಲಿರಲಿಲ್ಲ. ಗಾರೆಯವನ ಕಡೆ ತಿರುಗಿ, “ಇಟ್ಟಂಗಿ ಹಿತ್ತಲಾಗ ಇಳಸು. ಒಲಿ ಅಲ್ಲಿ ಕಟ್ಟೂಣು. ಇಲ್ಲಿ ಹೊಗಿ ಆದ್ರ ಕ್ಯಾಮೆರಾಕ್ಕ ಕಣ್ಣ ಉರೀತಾವ,” ಎಂದ.

ಯಂತ್ರ ಉಳಿಯಿತು. ಶಿವವ್ವ ಅಂಗಳದ ನಡುವೆ ನಿಂತು ದೃಷ್ಟಿ ತಾಗದಿರಲೆಂದು ಕಸ್ತೂರಿಯ ನೆಟಿಗೆ ತೆಗೆದಳು, ಯಂತ್ರದ ನೆಟಿಗೆಯನ್ನೂ ತೆಗೆದಳು. ಅಣ್ಣಪ್ಪ ಕರದಂಟಿನ ದೊಡ್ಡ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟ. ಪ್ರಭುವಿಗೂ ತಪ್ಪದೆ ಕೊಡಿ ಎಂದ. ಆ ಮಾತಿನಲ್ಲಿ ಸಂದೇಹದ ಛಾಯೆಯಿತ್ತು, ಸಂದೇಹ ನ್ಯಾಯವಾದದ್ದೇ. ಗೋಕಾಕದ ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆರೆದಿತ್ತು.

ಎರಡನೆಯ ತುಂಡು ಕಚ್ಚಿದಾಗ ಹಲ್ಲಿನಡಿ ಏನೋ ಕಟ್ ಎಂದಿತು. ಬೆರಳಿಂದ ತೆಗೆದು ನೋಡಿದಳು. ಕಂದು ಬಣ್ಣದ ಚೂರು, ಸಾಸಿವೆಗಿಂತ ತುಸು ದೊಡ್ಡದು. ಬೇರೆಯವರಾದರೆ ಉಗುಳಿ ಮರೆಯುತ್ತಿದ್ದರು. ಕಸ್ತೂರಿ ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಒಣಕೊಬ್ಬರಿಯ ಸಿಪ್ಪೆಯೋ, ತೊಗಟೆಯೋ? ಸಿಪ್ಪೆಯಾದರೆ ಅಡ್ಡಿಯಿಲ್ಲ. ತೊಗಟೆಯಾದರೆ ಹಳೆಯ ಪ್ರೋಗ್ರಾಮಿನ ಕಾಲದ್ದೋ, ಇಂದಿನದ್ದೋ? ಇಂದಿನದ್ದಾದರೆ ಅಷ್ಟು ಕಾವಲಿನ ನಡುವೆ ಯಾವ ದಾರಿ ಹಿಡಿದು ನುಸುಳಿತು?

ಮೂಡಲಗಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ “ಅರಭಾವಿ, ಮೂಡಲಗಿ! ಬರ್ರಿ ಅಕ್ಕಾರ, ಜಾಗಾ ಐತಿ!” ಎಂದು ಕೂಗಿದ.

“ನೀವು ಹೋಗ್ರಿ,” ಎಂದಳು ಕಸ್ತೂರಿ. ಚೂರನ್ನು ಕರವಸ್ತ್ರದ ಮೂಲೆಗೆ ಗಂಟು ಹಾಕಿದಳು, ಡಬ್ಬಿ ಕಂಕುಳಲ್ಲಿ ಇರುಕಿಕೊಂಡಳು, ಬಂದ ದಾರಿಯಲ್ಲೇ ದಾಪುಗಾಲು ಹಾಕಿದಳು.